ಗ್ರೂಪಿಂದ ಹೊರಗಿದ್ದ ಡ್ರೈವರ್

ಬಾಯಿ ನನ್ದು ಸ್ವಲ್ಪ ಜೋರು. ನನ್ನ ಹೆಂಡ್ತಿ ಸಲೀಮಾನೂ ಅದನ್ನೇ ಹೇಳ್ತಾಳೆ, ನಾನೂ ಒಪ್ತೀನಿ. ಆದ್ರೆ ತುಮಕೂರಿನ ಟ್ರಾಫಿಕ್ಕಲ್ಲಿ ಒಂದು ವ್ಯಾನ್ ತುಂಬಾ ಮಕ್ಕಳನ್ನ ದಿನಾ ಸ್ಕೂಲಿಗೆ ಬಿಟ್ಟು ವಾಪಸ್ ತರೋ ಡ್ರೈವರ್‌ಗೆ ಬಾಯಿ ಜೋರಿಲ್ದೆ ನಡೀತದಾ, ನೀವೇ ಹೇಳಿ. "ಏಯ್, ಕೈ ಒಳಗ್ ಹಾಕೋ" ಅಂತ ಕೂಗಿ ಕೂಗಿ ಗಂಟ್ಲು ಬಿದ್ದೋಗಿರ್ತದೆ. ಅದೇ ಬಾಯಲ್ಲಿ ಗ್ರೂಪಲ್ಲೂ ಮಾತಾಡ್ಬಿಟ್ಟೆ.

ಗ್ರೂಪ್ ಅಂದ್ರೆ ನಮ್ಮ ವ್ಯಾನಿನ ವಾಟ್ಸಾಪ್ ಗ್ರೂಪು. ಮಕ್ಕಳ ಅಪ್ಪ-ಅಮ್ಮ ಎಲ್ಲ ಅದ್ರಲ್ಲಿದಾರೆ. ಅಡ್ಮಿನ್ನು ಗುರುಪ್ರಕಾಶ್ ಸಾರ್, ಅವರ ಮಗನೂ ನನ್ನ ವ್ಯಾನಲ್ಲೇ ಬರ್ತಾನೆ. "ಹೊರಟೆ", "ಸ್ವಲ್ಪ ಲೇಟಾಗುತ್ತೆ", "ಗೇಟ್ ಹತ್ರ ನಿಂತಿರಿ" ಅಂತ ನಾನು ಹಾಕೋದು, ಅವರು ಹೆಬ್ಬೆಟ್ಟಿನ ಚಿತ್ರ ಒತ್ತೋದು. ಚೆನ್ನಾಗೇ ನಡೀತಿತ್ತು.

ಮಂಗಳವಾರ ಗೂಳೂರಿನ ಉಮಾಮಹೇಶ್ವರಿ, ಅಂದ್ರೆ ಒಂದನೇ ಕ್ಲಾಸಿನ ಸುಮನಾಳ ತಾಯಿ, ಎಲ್ಲರ ಮುಂದೆ ಹಾಕಿದ್ರು: "ಈ ಡ್ರೈವರ್‌ಗೆ ಜವಾಬ್ದಾರಿ ಅನ್ನೋದೇ ಇಲ್ಲ. ದಿನಾ ಲೇಟು. ಬರೀ ಫೋನ್ ನೋಡ್ಕೊಂಡು ಓಡಿಸ್ತಾನೆ." ಓಡಿಸ್ತಾನೆ ಅಂತೆ! ಎದುರಿಗೆ ಸಿಕ್ಕಾಗ "ಅತೀಕಣ್ಣ, ಊಟ ಆಯ್ತಾ" ಅನ್ನೋರು. ರಸ್ತೆ ಅಗೆದು ಹಾಕವ್ರೆ, ಸುತ್ಕೊಂಡು ಬರ್ಬೇಕು, ಅದಕ್ಕೇ ಲೇಟು. ನನಗೇ ಒಂದು ಫೋನ್ ಮಾಡಿ ಕೇಳಿದ್ರೆ ಹೇಳ್ತಿರ್ಲಿಲ್ವಾ? ಮೈಯೆಲ್ಲ ಉರಿದೋಯ್ತು. "ಒಂದಿನ ವ್ಯಾನ್ ಬರದೇ ಇದ್ರೆ ಆಗ ಗೊತ್ತಾಗುತ್ತೆ ನಿಮಗೆ" ಅಂತ ಹಾಕ್ದೆ. ಗುರುಪ್ರಕಾಶ್ ಸಾರ್ ಏನು ಎತ್ತ ಅಂತ ಕೇಳ್ಲಿಲ್ಲ. "ಗ್ರೂಪಲ್ಲಿ ಮರ್ಯಾದೆ ಇರಲಿ" ಅಂತ ಒಂದು ಸಾಲು ಹಾಕಿ ನನ್ನನ್ನ ರಿಮೂವ್ ಮಾಡಿದ್ರು. ವ್ಯಾನ್ ಗ್ರೂಪಿಂದ ವ್ಯಾನ್ ಡ್ರೈವರನ್ನೇ! ಆಯಮ್ಮ ನನ್ನ ನಂಬರ್ ಬ್ಲಾಕೂ ಮಾಡಿದ್ರು. ಹೋಗ್ಲಿ ಬುಡು, ಫೋನಿಗೆ ನೆಮ್ಮದಿ ಆಯ್ತು ಅಂದ್ಕೊಂಡೆ.

ಮಾರನೇ ದಿನ ಸಾಯಂಕಾಲ ಎಲ್ಲ ಮಕ್ಕಳನ್ನ ಇಳಿಸಿ, ಕೊನೇದಾಗಿ ಸುಮನಾನ ಕೂರಿಸ್ಕೊಂಡು ಗೂಳೂರು ಕಡೆ ಹೋಗ್ತಿದ್ದೆ. ಊರು ಇನ್ನೊಂದೆರಡು ಕಿಲೋಮೀಟ್ರು ಇದೆ ಅನ್ನುವಾಗ ಕ್ಲಚ್ ವೈರ್ ಕಟ್ಟಾಯ್ತು. ಪೆಡಲ್ ಹೋಗಿ ನೆಲಕ್ಕೆ ಅಂಟ್ಕೊಂತು. ಥೂ, ಇದರ ಮನೆ ಹಾಳಾಗ ಅಂತ ವ್ಯಾನ್ ಪಕ್ಕಕ್ಕೆ ಹಾಕಿ, ಗುಬ್ಬಿ ಗೇಟಿನ ಮೆಕ್ಯಾನಿಕ್ ಚಿಕ್ಕಬೋರಯ್ಯಂಗೆ ಫೋನ್ ಮಾಡ್ದೆ. "ವೈರ್ ತಗೊಂಡು ಬತ್ತೀನಿ, ಅರ್ಧ ಗಂಟೆ ಇರಣ್ಣ" ಅಂದ.

ಮಗು ರಸ್ತೆಗೆ ಓಡದಿರ್ಲಿ ಅಂತ ಬಾಗಿಲು ಲಾಕ್ ಮಾಡ್ದೆ. ಹೊಟ್ಟೆ ಹಸೀತದೆ ಅಂದ್ಳು, ಎದುರು ಅಂಗಡಿಯಿಂದ ಬಿಸ್ಕತ್ ತಂದುಕೊಟ್ಟೆ. ತಿಂದು ಸೀಟ್ ಮೇಲೇ ಮಲಗ್ಬಿಟ್ಲು. ಅವರಮ್ಮಂಗೆ ಫೋನ್ ಮಾಡಿದ್ರೆ ಬರೀ ಎಂಗೇಜು. ಬ್ಲಾಕ್ ಆಗಿರೋದು ಆಗ ನೆನಪಾಯ್ತು. ಗುರುಪ್ರಕಾಶ್ ಸಾರ್ ಎತ್ತಲಿಲ್ಲ. ಗ್ರೂಪಲ್ಲಿ ಹಾಕೋಣ ಅಂದ್ರೆ ನಾನು ಅದರ ಸದಸ್ಯನೇ ಅಲ್ಲ. ಇನ್ನೊಬ್ಬ ತಾಯಿಗೆ ಮಾಡಿ "ಉಮಾಮಹೇಶ್ವರಿ ಅವರಿಗೆ ಒಂಚೂರು ಹೇಳಿ ಅಮ್ಮ" ಅನ್ನೋಷ್ಟರಲ್ಲಿ, "ಅಯ್ಯೋ ಅಣ್ಣ, ನಿಮ್ಮ ಜಗಳದಲ್ಲಿ ನನ್ನ ಎಳೀಬೇಡಿ" ಅಂತ ಕಟ್ ಮಾಡಿದ್ರು. ಅರ್ಧ ಗಂಟೆ ತಾನೆ, ಬೈದ್ರೆ ಬೈಸ್ಕೊಳ್ಳೋಣ ಅಂತ ಸುಮ್ನೆ ನಿಂತೆ.

ಆಗ ಸಲೀಮಾ ಫೋನ್ ಬಂತು.

"ಎಲ್ಲಿದೀರ? ವ್ಯಾನಲ್ಲಿ ಯಾರಿದಾರೆ?"

"ಸುಮನಾ ಇದಾಳೆ. ಕ್ಲಚ್ ವೈರ್ ಕಟ್ಟಾಗಿದೆ. ಯಾಕೆ?"

ಅವಳು ಅಳ್ತಾನೇ ಹೇಳಿದ್ಳು. ಕುಣಿಗಲ್ಲಿಂದ ನನ್ನ ತಂಗಿ ಫಾಯಿಜಾ ಒಂದು ಮೆಸೇಜ್ ಕಳಿಸಿದ್ಳಂತೆ. ನನ್ನ ವ್ಯಾನಿನ ಫೋಟೋ, ನಂಬರು, ಕೆಳಗೆ ನನ್ನ ಹೆಸರು. "ಈ ಡ್ರೈವರ್ ನನ್ನ ಮಗಳನ್ನ ಎತ್ಕೊಂಡು ಹೋಗಿದಾನೆ. ನಿನ್ನೇನೇ ಧಮ್ಕಿ ಹಾಕಿದ್ದ. ವ್ಯಾನ್ ಕಂಡ್ರೆ ತಡೀರಿ, ಎಲ್ಲ ಗ್ರೂಪಿಗೂ ಕಳಿಸಿ." ಕುಣಿಗಲ್ಲಿನ ಗ್ರೂಪಿಗೇ ಬಂದಿದೆ ಅಂದ್ರೆ ಗೂಳೂರಿನ ಒಂದೊಂದು ಫೋನಿಗೂ ಬಂದಿರ್ತದೆ. "ವ್ಯಾನ್ ಅಲ್ಲೇ ಬಿಟ್ಟು ಓಡಿ ಬನ್ನಿ ರೀ" ಅಂದ್ಳು ಸಲೀಮಾ. ಮಗೂನ ಬಿಟ್ಟು ಎಲ್ಲಿಗೆ ಓಡ್ಲಿ? ಓಡಿದ್ರೆ ಕಳ್ಳ ಅಂತ ನಾನೇ ಒಪ್ಕೊಂಡ ಹಾಗಾಗ್ತದೆ.

ತಲೆ ಎತ್ತಿ ನೋಡ್ದೆ. ಅಂಗಡಿಯವನು ಒಂದ್ಸಲ ಫೋನ್ ನೋಡ್ತಾನೆ, ಒಂದ್ಸಲ ನನ್ನ ನಂಬರ್ ಪ್ಲೇಟ್ ನೋಡ್ತಾನೆ. ಗಡ್ಡದವನು, ಲಾಕ್ ಆಗಿರೋ ವ್ಯಾನು, ಬಿಸ್ಕತ್ತು, ಮಲಗಿರೋ ಮಗು. ಯಾ ಅಲ್ಲಾ, ನಾನೇ ಆ ಅಂಗಡೀಲಿ ಕೂತಿದ್ರೂ ಅನುಮಾನ ಪಡ್ತಿದ್ದೆ. ಅವನು ಯಾರಿಗೋ ಫೋನ್ ಮಾಡ್ದ.

ಫಸ್ಟ್ ಗೇರಿಗೆ ಹಾಕಿ ಹಾಗೇ ಸೆಲ್ಫ್ ಹೊಡೆದ್ರೆ, ಕ್ಲಚ್ ಇಲ್ದೇನೂ ವ್ಯಾನ್ ಕುಲುಕ್ತಾ ಎಳೀತದೆ. ಒಂದೇ ಕಷ್ಟ, ನಿಲ್ಲಿಸೋ ಹಾಗಿಲ್ಲ. ನಿಂತ್ರೆ ಇಂಜಿನ್ ಆಫು, ಬ್ಯಾಟರಿ ಬೇರೆ ವೀಕು, ಮತ್ತೆ ಸ್ಟಾರ್ಟ್ ಆಗುತ್ತೆ ಅನ್ನೋ ನಂಬಿಕೆ ಇಲ್ಲ. ಬೇರೆಯವರು ನನ್ನ ಹಿಡಿಯೋ ಮುಂಚೆ ಈ ಮಗೂನ ಅದರ ತಾಯಿ ಕೈಗೆ ಕೊಟ್ಬಿಡ್ಬೇಕು, ತಲೇಲಿ ಅದೊಂದೇ. ಕೀ ತಿರುಗಿಸ್ದೆ. ವ್ಯಾನ್ ಎಗರಿತು. ಸುಮನಾ ಬೆಚ್ಚಿಬಿದ್ದು ಎದ್ದು, ಕಿಟಕಿಗೆ ಕೈ ಒತ್ಕೊಂಡು "ಅಮ್ಮಾ" ಅಂತ ಜೋರಾಗಿ ಅಳೋಕೆ ಶುರು ಮಾಡಿದ್ಳು.

"ಅಳಬೇಡ ಪುಟ್ಟಾ, ಅಮ್ಮನ ಹತ್ರಾನೇ ಹೋಗ್ತಿರೋದು" ಅಂತ ಹೇಳ್ತಾನೇ ಇದ್ದೆ. ಅಷ್ಟರಲ್ಲಿ ಹಿಂದೆ ಬೈಕ್‌ಗಳು ಬಂದ್ವು. ಒಂದು ಪಕ್ಕಕ್ಕೇ ಬಂತು. "ನಿಲ್ಸಲೇ! ನಿಲ್ಸು!" ಹಿಂದೆ ಕೂತಿದ್ದವನು ಬಾಗಿಲಿಗೆ ದಬದಬ ಗುದ್ದಿದ. ನಿಲ್ಸಕ್ಕಾಗಲ್ಲಪ್ಪ, ಕ್ಲಚ್ಚಿಲ್ಲ ಅಂತ ಕೂಗ್ದೆ. ಅವರಿಗೆ ಕೇಳಿದ್ದು ಮಗು ಅಳು ಮಾತ್ರ. ಇನ್ನೊಬ್ಬ ಓಡಿಸ್ಕೊಂಡೇ ವಿಡಿಯೋ ಮಾಡ್ತಿದ್ದ. ನಾನು ಓಡಿಹೋಗ್ತಿದೀನಿ ಅಂತಾನೇ ಅವರು ತಿಳ್ಕೊಂಡಿದ್ರು. ಓಡಿಹೋಗೋನು ಫಸ್ಟ್ ಗೇರಲ್ಲಿ ಹೋಗ್ತಾನೇನ್ರಲಾ! ನನಗೆ ಸಲೀಮಾ ನೆನಪಾದ್ಳು. ಇವತ್ತು ಮನೆ ಸೇರಲ್ಲ ನಾನು ಅನ್ನಿಸ್ತು.

ಗೂಳೂರು ಬಸ್ ಸ್ಟಾಪಲ್ಲಿ ಜನ ರಸ್ತೆಗೇ ಅಡ್ಡ ನಿಂತಿದ್ರು. ಬ್ರೇಕ್ ಒತ್ತಿದೆ, ಇಂಜಿನ್ ಆಫಾಯ್ತು. ಕೀ ಕಿತ್ಕೊಂಡ್ರು. ಒಬ್ಬ ಕಾಲರ್ ಹಿಡಿದು ಕೆಳಗೆಳೆದು ಕೆನ್ನೆಗೆ ಬಾರಿಸ್ದ. "ಹೆಸರೇನ್ಲಾ ನಿಂದು?" ನನ್ನ ಹೆಸರೇ ನನಗೆ ಹೇಳೋಕಾಗ್ಲಿಲ್ಲ. ಬಾಯಿ ಜೋರು ಅಂದ್ನಲ್ಲ, ಆ ಬಾಯಲ್ಲಿ ಎಂಜಲೂ ಇರ್ಲಿಲ್ಲ.

ಉಮಾಮಹೇಶ್ವರಿ ಜನರನ್ನ ತಳ್ಕೊಂಡು ಬಂದು ಮಗೂನ ಎತ್ಕೊಂಡ್ರು. ಮೈಯೆಲ್ಲ ಸವರಿ ನೋಡಿದ್ರು. ಆಮೇಲೆ ನನ್ನ ಕಾಲರ್ ಹಿಡಿದಿದ್ದ ಕೈ ನೋಡಿದ್ರು. "ಬಿಡಿ, ಬಿಡಿ ಅವರನ್ನ! ನಮ್ಮ ವ್ಯಾನ್ ಅಣ್ಣ ಅವರು" ಅಂತ ಕಿರುಚಿದ್ರು.

"ಅಕ್ಕ, ನೀವೇ ತಾನೆ ಹಾಕಿದ್ದು?" ಅಂದ ಹೊಡೆದವನು.

ಆಯಮ್ಮ ಮಗೂನ ಇನ್ನೂ ಬಿಗಿಯಾಗಿ ಅಪ್ಕೊಂಡ್ರು. "ಕ್ಲಚ್ ವೈರು" ಅಂದೆ ನಾನು, ಅಷ್ಟೇ ಹೊರಟಿದ್ದು. ವಯಸ್ಸಾದ ಒಬ್ಬರು ಬಗ್ಗಿ ಕ್ಲಚ್ ಪೆಡಲ್ ಆಡಿಸಿ ನೋಡಿ "ಹೂಂ ಕಣ್ರಲಾ, ಕಟ್ಟಾಗದೆ" ಅಂದ್ರು. ಕೀ ಸೀಟ್ ಮೇಲೆ ಬಿತ್ತು. ಒಬ್ಬೊಬ್ಬರೇ ಬೈಕ್ ಹತ್ತಿ ಹೋದ್ರು. ಸಾರಿ ಅಂತ ಒಬ್ಬನೂ ಅನ್ನಲಿಲ್ಲ.

ಎಲ್ಲ ಹೋದ ಮೇಲೆ ನಾನು ಹತ್ತಿ ಸೀಟಲ್ಲಿ ಕೂತೆ. ಉಮಾಮಹೇಶ್ವರಿ ಕಿಟಕಿ ಹತ್ರ ಬಂದು, ಯಾರಿಗೂ ಕೇಳದ ಹಾಗೆ "ಸಾರಿ ಅಣ್ಣ. ಭಯ ಆಗೋಯ್ತು. ಮೆಸೇಜ್ ಡಿಲೀಟ್ ಮಾಡಿದೀನಿ" ಅಂದ್ರು. ಕಣ್ಣಲ್ಲಿ ನೀರಿತ್ತು, ಸುಳ್ಳು ಹೇಳ್ಬಾರ್ದು. ತಾಯಿ ತಾನೆ, ಆ ಭಯ ನನಗೂ ಅರ್ಥ ಆಗುತ್ತೆ.

"ಡಿಲೀಟ್ ಆಗಿದ್ದು ನಿಮ್ಮ ಗ್ರೂಪಲ್ಲಿ. ಅದು ಕುಣಿಗಲ್ ತನಕ ಹೋಗಿದೆ" ಅಂದೆ. "ನಾಳೆ ಬೆಳಿಗ್ಗೆ ಇದೇ ನಂಬರಿನ ವ್ಯಾನಲ್ಲಿ ಮಕ್ಕಳನ್ನ ಕೂರಿಸ್ಕೊಂಡು ನಾನು ರೋಡಿಗೆ ಇಳೀಬೇಕು. ಯಾವ ಸರ್ಕಲಲ್ಲಿ ಯಾರು ತಡೀತಾರೋ ಏನು ಕಥೆಯೋ. ಮಗು ಮನೆ ಸೇರಿದೆ, ಡ್ರೈವರದ್ದು ತಪ್ಪಿಲ್ಲ, ನಾನೇ ಆತುರಪಟ್ಟು ಹಾಕ್ದೆ ಅಂತ ನಿಮ್ಮ ಹೆಸರಲ್ಲೇ ಹಾಕಿ. ಎಲ್ಲರಿಗೂ ಕಳಿಸಿ ಅಂತಲೂ ಹಾಕಿ."

ಆಯಮ್ಮ ಫೋನ್ ಕೈಗೆ ತಗೊಂಡ್ರು. ಬೆರಳು ಆಡ್ಲಿಲ್ಲ.

"ಗ್ರೂಪಲ್ಲಾ ಅಣ್ಣ? ನಿಮಗೆ ಬೇಕಾದ್ರೆ ಪರ್ಸನಲ್ ಆಗಿ ಇನ್ನೊಂದ್ಸಲ ಸಾರಿ ಕೇಳ್ಕೋತೀನಿ. ಗ್ರೂಪಲ್ಲಿ ಹಾಕಿದ್ರೆ ಎಲ್ಲರೂ ಸೇರಿ ನನ್ನ ಬೈತಾರೆ."

ಏಟು ಬಿದ್ದ ಕೆನ್ನೆ ಇನ್ನೂ ಉರೀತಿತ್ತು.

"ಬೈತಾರೆ ತಾಯಿ," ಅಂದೆ. "ಬರೀ ಬೈತಾರೆ."