ವರ್ನಾ ಮೂಸಿ ನೋಡಿದ ಬಿಯರ್

ಟಾಸ್ಮೇನಿಯಾದ ಹ್ಯೂವನ್ ನದಿ ದಂಡೆಯ ಆ ಊರಿನಲ್ಲಿ ಮನೆಯಲ್ಲೇ ಬಿಯರ್ ಮಾಡಿಕೊಳ್ಳುವವರಿಗೆ ಬರವಿರಲಿಲ್ಲ. ಅಂಗಡಿಯಿಂದ ಒಂದು ಡಬ್ಬ ತಂದು, ಒಳಗಿನ ಕಾಕಂಬಿಯಂಥ ಮಾಲ್ಟ್ ಪಾಕವನ್ನು ಬಿಸಿನೀರಿಗೆ ಸುರಿದು, ಸಕ್ಕರೆ ಕರಗಿಸಿ, ತಣ್ಣೀರು ತುಂಬಿ, ಮೇಲೆ ಯೀಸ್ಟ್ ಉದುರಿಸಿಬಿಟ್ಟರೆ ಉಳಿದದ್ದನ್ನು ಪೀಪಾಯಿಯೇ ನೋಡಿಕೊಳ್ಳುತ್ತಿತ್ತು. ಆದರೆ ಡಬ್ಬದ ಮೇಲೆ ಬರೆದಂತೆ ಮಾಡುವುದೆಂದರೆ ರಾಯ್‌ಸ್ಟನ್‌ಗೆ ಅವಮಾನ. ಸೇಬಿನ ತೋಟಗಳ ಟ್ರ್ಯಾಕ್ಟರ್ ರಿಪೇರಿ ಮಾಡಿ ನಿವೃತ್ತನಾದವನು. ಯಾವುದನ್ನೂ ಕೈಯಾಡಿಸದೆ ಬಿಟ್ಟವನಲ್ಲ. ಸಕ್ಕರೆಯ ಬದಲು ಕಾಡುಹೂವಿನ ಜೇನು ಹಾಕುತ್ತಿದ್ದ. ಹುರಿದ ಬಾರ್ಲಿಯನ್ನು ಕುಟ್ಟಿ ಬಟ್ಟೆಯಲ್ಲಿ ಕಟ್ಟಿ, ಕುದಿ ಬರದ ಬಿಸಿನೀರಿನಲ್ಲಿ ಅದ್ದಿ ಬಣ್ಣ ಬಿಡಿಸುತ್ತಿದ್ದ. ಬಿಯರಿಗೆ ಕಹಿ, ಪರಿಮಳ ಕೊಡುವ ಡರ್ವೆಂಟ್ ಕಣಿವೆಯ ಹಾಪ್ ಹೂಗಳನ್ನು ಕೊನೆಗಳಿಗೆಯಲ್ಲಿ ಹಾಕಿ ಮುಚ್ಚುತ್ತಿದ್ದ. ಭಾನುವಾರ ಮಧ್ಯಾಹ್ನ ಅದರ ರುಚಿ ನೋಡಲು ಪಕ್ಕದ ಮನೆಯ ಐವರ್ ತಪ್ಪದೆ ಶೆಡ್ಡಿಗೆ ಬರುತ್ತಿದ್ದ.

ಆ ಚಳಿಗಾಲ ರಾಯ್‌ಸ್ಟನ್ ಜ್ವರ ಹಿಡಿದು ಮಲಗಿದ. ಎದ್ದಾಗ ಎಲ್ಲ ಸರಿಯಾಗಿತ್ತು, ಮೂಗೊಂದನ್ನು ಬಿಟ್ಟು. ಹಾಪ್ ಹೂವನ್ನು ಅಂಗೈಯಲ್ಲಿ ಉಜ್ಜಿ ಮುಖಕ್ಕೆ ಹಿಡಿದರೆ ಕಾಗದದ ಚೂರು ಹಿಡಿದ ಹಾಗಿತ್ತು. ನಾಲಿಗೆಗೆ ಸಿಹಿ, ಕಹಿ ತಿಳಿಯುತ್ತಿತ್ತು. ಅದರಾಚೆ ಏನೂ ಇಲ್ಲ. ಬೇಸಿಗೆ ಬರುವ ಹೊತ್ತಿಗೆ ಸರಿಹೋದೀತೆಂದು ಹೆಂಡತಿ ವರ್ನಾಳಿಗೂ ಹೇಳಲಿಲ್ಲ. ಸರಿಹೋಗಲೂ ಇಲ್ಲ.

ಬಿಯರ್ ಸಪ್ಪೆ ಎನಿಸಿ ಮುಂದಿನ ಸಲ ಹಾಪ್ ಹೆಚ್ಚಿಗೆ ಹಾಕಿದ. ಆಮೇಲೆ ಶುಂಠಿ, ಲವಂಗ, ಕಿತ್ತಳೆ ಸಿಪ್ಪೆ. ಐವರ್ ಒಂದು ಗುಟುಕು ಕುಡಿದು, ಕಣ್ಣು ಮಿಟುಕಿಸಿ, "ಸಕತ್ತಾಗಿದೆ" ಅನ್ನುತ್ತಿದ್ದ.

ಒಂದು ಭಾನುವಾರ ರಾಯ್‌ಸ್ಟನ್ ಬಾಟಲಿ ತರಲು ಒಳಗೆ ಹೋದವನು ಕಿಟಕಿಯಿಂದ ನೋಡಿದ: ಐವರ್ ತನ್ನ ಲೋಟವನ್ನು ಗುಲಾಬಿ ಗಿಡದ ಬುಡಕ್ಕೆ ಬಗ್ಗಿಸುತ್ತಿದ್ದ.

"ಏನೋ, ಗಿಡಕ್ಕೂ ಬಾಯಾರಿಕೆನಾ?"

ಐವರ್ ಕೆಂಪಾದ. "ಬೈಬೇಡ ಮಾರಾಯ. ಬ್ಯಾಂಡೇಜ್ ನೆನೆಹಾಕಿದ ನೀರಿನ ಥರ ಇದೆ. ಎಷ್ಟು ವಾರ ಅಂತ ಕುಡೀಲಿ?"

"ಮತ್ತೆ ಸಕತ್ತಾಗಿದೆ ಅಂದಿದ್ದು?"

"ಕಾಯಿಲೆ ಬಿದ್ದು ಎದ್ದವನ ಮುಖ ನೋಡ್ಕೊಂಡು ಹೇಗೋ ಹೇಳೋದು?"

ರಾಯ್‌ಸ್ಟನ್ ಹೊರಗೆ ಬಂದು ಬೆಂಚಿನ ಮೇಲೆ ಕೂತ. ಬಿಯರಿಗೆ ಬ್ಯಾಂಡೇಜಿನ ವಾಸನೆ ಬಂತೆಂದರೆ ಪೀಪಾಯಿಯಲ್ಲಿ ಎಲ್ಲೋ ಕೊಳೆ ಸೇರಿ ಕೆಟ್ಟಿದೆ ಎಂದರ್ಥ. ಹಿಂದೆಲ್ಲ ಮುಚ್ಚಳ ತೆಗೆಯುತ್ತಲೇ ಹಿಡಿದುಬಿಡುತ್ತಿದ್ದ. "ನಂಗೆ ವಾಸನೆನೇ ಬರ್ತಿಲ್ಲ ಐವರ್," ಅಂದ. "ಜ್ವರ ಬಂದಾಗಿಂದ."

ಬಟ್ಟೆ ಒಣಹಾಕುತ್ತಿದ್ದ ವರ್ನಾಳ ಕಿವಿಗೆ ಅದು ಬಿತ್ತು. ಕೈಯಲ್ಲಿದ್ದ ಹಾಸುಬಟ್ಟೆಯ ಸಮೇತ ಬಂದಳು.

"ಅದಕ್ಕೇನಾ ಮೊನ್ನೆ ಮಾಂಸ ಸೀದು ಹೋಗ್ತಿದ್ರೂ ಒಲೆ ಪಕ್ಕ ಪೇಪರ್ ಓದ್ತಾ ಕೂತಿದ್ದಿದ್ದು? ಸೋಮಾರಿ ಅಂತ ಬೈದ್ನಲ್ಲೋ ನಿನ್ನ!"

"ಅದೇನು ಸುಳ್ಳಲ್ಲ ಬಿಡಿ," ಎಂದ ಐವರ್.

ವರ್ನಾ ಕುಡಿತವನ್ನು ಒಪ್ಪದ ಮೆಥಡಿಸ್ಟ್ ಪಂಥದ ಮನೆತನದವಳು. ಅವಳಪ್ಪ ಬಿಯರನ್ನು ಗೇಟಿನೊಳಗೇ ಬಿಟ್ಟುಕೊಂಡವನಲ್ಲ. ಗಂಡನ ಶೆಡ್ಡನ್ನು ಸಹಿಸಿಕೊಂಡಿದ್ದಳೇ ಹೊರತು ಒಂದು ಹನಿ ಬಾಯಿಗೆ ಹಾಕಿರಲಿಲ್ಲ. ಮಾರನೆಯ ಬೆಳಿಗ್ಗೆ ಅವಳೇ ಶೆಡ್ಡಿನ ಬಾಗಿಲು ತಳ್ಳಿದಳು.

"ಮೂಸೋದಕ್ಕೆ ಯಾವ ಪಾದ್ರಿನೂ ಬೇಡ ಅನ್ನಲ್ಲ. ತೆಗಿ ಮುಚ್ಚಳ."

ಪೀಪಾಯಿಯ ಸುತ್ತ ಬಗ್ಗಿ ಬಗ್ಗಿ ಮೂಸಿದಳು. ಅದರ ಬುಡದ ನಲ್ಲಿಯ ಹತ್ತಿರ ಮುಖ ಕಿವುಚಿದಳು. ಬಿಚ್ಚಿದರೆ ಒಳಗೆ ಹಳೆಯ ಬಿಯರಿನ ಕೊಳೆ ಮೆತ್ತಿಕೊಂಡಿತ್ತು. ಪೀಪಾಯಿಯಲ್ಲಿದ್ದ ಬಿಯರಷ್ಟನ್ನೂ ಚೆಲ್ಲಿ, ರಾಯ್‌ಸ್ಟನ್ ಹೊಸ ನಲ್ಲಿ ಹಾಕಿದ.

"ಈ ಸಲ ಡಬ್ಬದಲ್ಲಿ ಬರೆದ ಹಾಗೆ ಮಾಡು," ಅಂದಳು ಅವಳು. "ಬರೀ ಬಿಯರ್ ಹೇಗಿರತ್ತೆ ಅಂತ ನಂಗೆ ಗೊತ್ತಾಗ್ಬೇಡ್ವಾ?"

ಅವನು ಮುಖ ಊದಿಸಿಕೊಂಡೇ ಮಾಡಿದ. ಅದು ಮುಗಿದ ಮೇಲೆ ಮುಂದಿನದಕ್ಕೆ ಜೇನು ಮಾತ್ರ. ಇಡೀ ಜಾಡಿ ಬಗ್ಗಿಸಲು ಹೋದವನ ಮಣಿಕಟ್ಟನ್ನು ವರ್ನಾ ಅರ್ಧಕ್ಕೇ ಹಿಡಿದಳು. ಅದರ ಮುಂದಿನದಕ್ಕೆ ಜೇನಿನ ಜೊತೆ ಹಾಪ್. ಹೂವನ್ನು ಉಜ್ಜಿ ಮೂಗಿಗೆ ಹಿಡಿದು ಮತ್ತೆ ಮತ್ತೆ ಮೂಸಿದಳು.

"ಹೇಳೇ."

"ತಾಳು. ಕಿತ್ತಳೆ ಸಿಪ್ಪೆ ಇದೆ. ಆಮೇಲೆ... ಮಳೆ ನಿಂತ ಮೇಲೆ ಪೈನ್ ಮರದ ಕೆಳಗೆ ನಿಂತ ಹಾಗಿದೆ."

ರಾಯ್‌ಸ್ಟನ್ ಕಣ್ಣು ಮುಚ್ಚಿದ. ಮೂಗಿಗೆ ಏನೂ ಬರಲಿಲ್ಲ. ಆದರೆ ಮರದ ಕೆಳಗಿನ ಒದ್ದೆ ನೆಲ ಕಣ್ಣಿಗೆ ಕಟ್ಟಿತು. ಇಷ್ಟು ವರ್ಷ ತಾನು ಮೂಸಿದ್ದನ್ನು ಇವಳಿಗೆ ಒಮ್ಮೆಯೂ ಬಾಯಿಬಿಟ್ಟು ಹೇಳಿರಲಿಲ್ಲವಲ್ಲ ಎಂದುಕೊಂಡ.

ಸೇಬಿನ ಕೊಯ್ಲಿನ ಕಾಲದಲ್ಲಿ ಆ ಬಾಟಲಿಗಳು ಪಕ್ವವಾದವು. ಶೆಡ್ಡಿನ ಮುಂದೆ ಬಿಸಿಲಲ್ಲಿ ಕೂತು ಐವರ್ ಕುಡಿದ. ರಾಯ್‌ಸ್ಟನ್ ಅವನ ಮುಖವನ್ನೇ ನೋಡುತ್ತಿದ್ದ.

"ಮುಖ ನೋಡ್ಬೇಡ, ಹೇಳ್ತೀನಿ. ಚೆನ್ನಾಗಿದೆ. ಆದ್ರೆ ತೆಳು."

"ತೆಳುನಾ?" ವರ್ನಾ ಲೋಟ ಕಸಿದುಕೊಂಡು, ಅಪ್ಪನನ್ನು ಮರೆತವಳಂತೆ ಒಂದು ಗುಟುಕು ನುಂಗಿಯೇಬಿಟ್ಟಳು. "ತೆಳು ಅಲ್ಲ, ಕಹಿ ಸ್ವಲ್ಪ ಜಾಸ್ತಿ. ಹಾಪ್ ಅರ್ಧ ಸಾಕು, ಹುರಿದ ಬಾರ್ಲಿ ಹಾಕ್ಬೇಕು."

"ಬಾರ್ಲಿ ಬೇಡ ತಾಯಿ, ಓಟ್ಸ್ ಹಾಕಿ ನೋಡಿ."

"ಗಂಜಿ ಮಾಡ್ತಿದೀವಾ ನಾವು?"

ಇಬ್ಬರೂ ಜಗಳಕ್ಕೆ ನಿಂತರು. ರಾಯ್‌ಸ್ಟನ್ ತನ್ನ ಲೋಟ ಎತ್ತಿದ. ತಣ್ಣಗಿತ್ತು, ಕಹಿ ಇತ್ತು, ಅಂಚಿನಲ್ಲಿ ಒಂದಿಷ್ಟು ಸಿಹಿ. ಅವನಿಗೆ ಸಿಕ್ಕಿದ್ದು ಅಷ್ಟೇ. ಉಳಿದದ್ದನ್ನು ಅವರ ಬಾಯಿಂದ ಕೇಳುತ್ತ, ನಡುವೆ ಮಾತು ಹಾಕದೆ ಕೂತ.