ಹಿಂದಿನ ಫ್ಯಾನಿನ ನಡುಕ

ಒಂದರ ಹಿಂದೊಂದು ನಿಂತು ವಿರುದ್ಧ ದಿಕ್ಕಿಗೆ ತಿರುಗುವ ಎರಡು ಫ್ಯಾನುಗಳಲ್ಲಿ, ಗಾಳಿ ಕಡಿಮೆಯಾದಂತೆ ಹಿಂದಿನದೇ ಮೊದಲು ನಡುಗುತ್ತದೆಂದು ಮಗಳ ಕಂಪ್ಯೂಟರ್ ಮಾದರಿ ಹೇಳಿತ್ತು. ಪರೀಕ್ಷಾಲಯದ ಮುಖ್ಯಸ್ಥೆಯಾದ ತಾಯಿ ಒಪ್ಪದೆ, ರೂಢಿಯಂತೆ ನಡುಕ ಅಳೆಯುವ ಸೆನ್ಸರುಗಳನ್ನೆಲ್ಲ ಮುಂದಿನದಕ್ಕೇ ಹಾಕಿಸಿದ್ದಳು.

“ಗಾಳಿಗೆ ಮೊದಲು ಎದೆ ಕೊಡೋದು ಮುಂದಿನದು ಕಣೇ. ಎಡವೋದೂ ಅದೇ.”

“ಹಿಂದಿನದಕ್ಕೂ ಒಂದು ಹಾಕ್ಸಮ್ಮ. ಲೆಕ್ಕ ತಪ್ಪಿದ್ರೆ ಮಾದರೀನೇ ಅಳಿಸಿಬಿಡ್ತೀನಿ.”

ತಾಯಿ ಗೊಣಗುತ್ತಲೇ ಹಾಕಿಸಿದಳು. ಗಾಳಿಯ ದಾರಿಯನ್ನು ಮೆಲ್ಲಗೆ ಕಿರಿದಾಗಿಸಿದರು. ಪರದೆಯಲ್ಲಿ ಮುಂದಿನದರ ಗೆರೆಗಳೆಲ್ಲ ನೆಟ್ಟಗಿದ್ದವು. ಹಿಂದಿನದರ ಒಂಟಿ ಗೆರೆ, ಮಗಳು ಮೊದಲೇ ಗುರುತಿಟ್ಟ ಜಾಗದಲ್ಲೇ ಕುಣಿಯತೊಡಗಿತು.

ಯಂತ್ರ ನಿಲ್ಲಿಸಿ ತಾಯಿ ಸಹೋದ್ಯೋಗಿಗಳತ್ತ ತಿರುಗಿದಳು. “ಇಷ್ಟು ವರ್ಷ ತಪ್ಪು ಕಡೆ ಕಿವಿ ಇಟ್ಟಿದ್ದೆ. ಇನ್ನು ಎಲ್ಲಿ ಅಳೀಬೇಕು ಅಂತ ಇವಳನ್ನ ಕೇಳಿ.”

“ನೀನೂ ಕೇಳ್ತೀಯಾ?”

“ಮೊದಲು ನಾನೇ ಕೇಳೋದು.”

ತಾಯಿ ಸೋತವಳೆಂದು ಯಾರೂ ಹೇಳುವಂತಿರಲಿಲ್ಲ, ಮೀಸೆಯಿದ್ದಿದ್ದರೆ ತಿರುವುತ್ತಿದ್ದಳು.