ಗಂಜಿ ಆರುವ ತನಕ

“ಇದನ್ನ ನಿಲ್ಸೋಕೆ ಊರಾಗೆ ಬೇರೆ ಜಾಗಾನೇ ಸಿಗ್ಲಿಲ್ವಾ?”

ಚಿಕ್ಕಮುನಿಯಪ್ಪ ಕೇಳಿದ್ದು ಯಾರನ್ನೂ ಅಲ್ಲ. ಕೇಳಿಸಿಕೊಳ್ಳಲು ಬೀದಿಯಲ್ಲಿ ಯಾರೂ ಇರಲಿಲ್ಲ. ಕೋಳಿ ಕೂಗಿತ್ತು, ಬೆಳಕು ಮೂಡಿರಲಿಲ್ಲ. ಎದುರುಮನೆಯ ನಾರಪ್ಪನ ಜಗಲಿಗೆ ಮೈ ಒರಗಿಸಿದಂತೆ, ಸೇಲಂಗೂ ಮೆಟ್ಟೂರಿಗೂ ನಡುವೆ ಓಡುವ ಮೋಟಾರು ಬಸ್ಸು ಎರಡು ಕುರುಡು ದೀಪಗಳನ್ನು ಬಿಟ್ಟುಕೊಂಡು ನಿಂತಿತ್ತು. ಅದರ ಹಿಂದೆ ನೊಗ ಇಳಿಸಿದ ಎತ್ತಿನ ಗಾಡಿಗಳು, ಒಂದರ ಬಾಲಕ್ಕೆ ಇನ್ನೊಂದರ ಮೂತಿ ತಾಗಿಸಿಕೊಂಡು, ಪಿಳ್ಳಾರಿ ಗಣಪನ ಗುಡಿಯವರೆಗೂ ಸಾಲುಗಟ್ಟಿದ್ದವು. ಎತ್ತುಗಳು ಅವನ ಬಾಗಿಲ ಮುಂದೆಯೇ ಮಲಗಿ ಮೆಲುಕು ಹಾಕುತ್ತಿದ್ದವು. ಸಂಜೆ ಸಾರಿಸಿ ಗುಡಿಸಿದ್ದ ನೆಲ ಸಗಣಿ, ಹುಲ್ಲು, ಗಂಜಲವಾಗಿತ್ತು.

ಹೆಂಡತಿ ಅಂಜಮ್ಮ ಗಂಜಿಯ ಮಡಕೆಯನ್ನು ಸೊಂಟಕ್ಕಿಟ್ಟುಕೊಂಡು ಹೊಸ್ತಿಲಲ್ಲಿ ನಿಂತಿದ್ದಳು.

“ಯಾರನ್ನ ಕೇಳ್ತೀಯಾ, ಬಸ್ಸನ್ನಾ? ಅದು ಸೇಲಂ ಬಸ್ಸು. ತಮಿಳ್ನಾಗೆ ಕೇಳು, ಏಳ್ತದೆ.”

ಅವನು ನಗಲಿಲ್ಲ. ನಗುವಂಥ ಶುಕ್ರವಾರ ಅದಾಗಿರಲಿಲ್ಲ.

ನೇಕಾರರ ಬೀದಿ ಅಷ್ಟು ನೇರವಾಗಿದ್ದುದು ಸುಮ್ಮನೆ ಅಲ್ಲ. ಮನೆ ಕಟ್ಟುವ ಮೊದಲು ಅಜ್ಜಂದಿರು ಹಗ್ಗ ಹಿಡಿದು ಬೀದಿಯನ್ನೇ ಎಳೆದಿದ್ದರು, ಹಾಸು ಬಿಗಿಯಲಿಕ್ಕೆ. ಸೀರೆಯ ಉದ್ದದ ಎಳೆಗಳೇ ಹಾಸು. ಅದು ಮಗ್ಗ ಏರುವ ಮುಂಚೆ ಬೀದಿಗೆ ಬರಬೇಕು. ಈ ತುದಿಯಿಂದ ಆ ತುದಿಗೆ ಬಿದಿರ ಕವೆಗಳ ಮೇಲೆ ಅದನ್ನು ಬಿಗಿದು, ಅಕ್ಕಿಗಂಜಿ ಬಳಿದು, ಉದ್ದಕ್ಕೂ ಕುಂಚ ಎಳೆದು, ಎಳೆಗೆ ಎಳೆ ಅಂಟದಂತೆ ಬಿಡಿಸಿ ಆರಿಸಬೇಕು. ಬಿಸಿಲೇರಿದರೆ ಕುಂಚ ಬರುವ ಮೊದಲೇ ಗಂಜಿ ಒಣಗುತ್ತದೆ, ಎಳೆ ತುಂಡಾಗುತ್ತದೆ. ಹಾಗಾಗಿ ನಸುಕಿನಲ್ಲೇ ಆ ಕೆಲಸ. ಬೀದಿ ಒಂದು, ಮನೆಗಳು ಹಲವು, ಹಾಗಾಗಿ ಸರದಿ. ಚಿಕ್ಕಮುನಿಯಪ್ಪನ ಮನೆಯದು ಶುಕ್ರವಾರದ ನಸುಕು, ಅವನ ತಾತನ ಕಾಲದಿಂದ.

ಇನ್ನೊಂದು ಕಟ್ಟಲೆಯಿತ್ತು. ಗಂಜಿ ಸೋಕಿದ ಹಾಸನ್ನು ಆರುವ ತನಕ ಎತ್ತಬಾರದು. ಹಸಿಯಲ್ಲಿ ಎತ್ತಿದರೆ ಎಳೆಗಳು ಕೂಡಿಕೊಂಡು ಹಗ್ಗವಾಗುತ್ತವೆ. ಎಮ್ಮೆ ಕಟ್ಟಲಿಕ್ಕೂ ಬಾರದ ಹಗ್ಗ. ಅದರಡಿ ನುಸುಳುವಂತಿಲ್ಲ, ಅದನ್ನು ದಾಟುವಂತಿಲ್ಲ. ಆ ಹೊತ್ತಿಗೆ ಅದು ಕುಲದೇವತೆ ಚೌಡಮ್ಮತಾಯಿ ಒಣಹಾಕಿದ ಸೀರೆ. ಚಿಕ್ಕಮುನಿಯಪ್ಪನ ಅಪ್ಪ ತೀರಿಕೊಂಡ ಬೆಳಗ್ಗೆ ಬೀದಿಯಲ್ಲಿ ಆಗ ಪಕ್ಕದ ಮನೆಯಲ್ಲಿದ್ದ ರಾಮಚಂದ್ರಪ್ಪನ ಮನೆಯವರ ಹಾಸು ಇತ್ತು. ಚಟ್ಟ ಕಟ್ಟಿ ಮುಗಿದಿತ್ತು, ತಮಟೆಯವರು ಬಂದಿದ್ದರು. ಆದರೂ ಹೊರುವವರು ಹೆಗಲು ಕೊಡಲಿಲ್ಲ. ಎಲ್ಲರೂ ಜಗಲಿಯಲ್ಲಿ ಕೂತು ಗಂಜಿ ಆರುವುದನ್ನು ಕಾದರು. ಮುದುಕನೂ ಕಾದ ಎಂದೇ ಬೀದಿಯವರು ಇವತ್ತಿಗೂ ಹೇಳುವುದು, ಅದೊಂದು ದೊಡ್ಡ ಮಾತೇ ಅಲ್ಲವೆಂಬಂತೆ.

ಹೆಣ ಕಾದ ಬೀದಿಯಲ್ಲಿ ಈಗ ಬಸ್ಸು ನಿದ್ದೆ ಹೊಡೆಯುತ್ತಿತ್ತು.

ಹೋದ ಶುಕ್ರವಾರವೂ ಹೀಗೇ ಆಗಿತ್ತು. ಗಾಡಿಯವರನ್ನು ಎಬ್ಬಿಸಿ, ಬೈಸಿಕೊಂಡು, ಎತ್ತು ಹೂಡಿಸುವಷ್ಟರಲ್ಲಿ ಬಿಸಿಲು ಗುಡಿಯ ಗೋಡೆಗೆ ಬಂದಿತ್ತು. ಈ ಸಲ ಎಬ್ಬಿಸುವ ಮನಸ್ಸೂ ಬರಲಿಲ್ಲ. ಅವನು ಹಾಸಿನ ಉಂಡೆಯನ್ನು ಎದೆಗವಚಿಕೊಂಡು ಒಳಗೆ ಹೋದ. ಅಂಜಮ್ಮ ಗಂಜಿಯನ್ನು ಎಮ್ಮೆಯ ಬಾನಿಗೆ ಸುರಿದಳು.

“ಕುಡಿ ತಾಯಿ, ಕುಡಿ. ಈ ಮನೇಲಿ ಬಾಳ್ವೆ ಮಾಡ್ತಿರೋದು ನೀನೊಬ್ಳೇ.”

ಮಗ್ಗ ಬರಿದಾಗಿ ನಿಂತಿತ್ತು. ಸಂಜೆ ದೀಪ ಹಚ್ಚಿದರೆ ಆ ಮನೆಯಲ್ಲಿ ಮೊದಲು ತೋರಿಸುವುದು ಮಗ್ಗಕ್ಕೆ. ನೂಲಿಲ್ಲದ ಮಗ್ಗಕ್ಕೆ ತೋರಿಸುವ ಪದ್ಧತಿಯಿಲ್ಲ. ಅಂಜಮ್ಮ ದೀಪ ಹಿಡಿದು ಅದರ ಮುಂದೆ ಹಾದುಹೋಗುವಾಗ ಮುಖ ತಿರುಗಿಸಿಕೊಳ್ಳುತ್ತಿದ್ದಳು. ಅದನ್ನು ನೋಡಲಾಗದೆ ಚಿಕ್ಕಮುನಿಯಪ್ಪ ಗುಡಿಗೆ ಹೋಗಿ, ದಿನವೂ ಸಂಜೆ ಪದ್ಯ ಓದುವಲ್ಲಿ, ಕಂಬದ ಹಿಂದಿನ ತನ್ನ ಜಾಗದಲ್ಲಿ ಕೂರುತ್ತಿದ್ದ. ಕೇಳುವುದರಲ್ಲಿ ಅವನನ್ನು ಮೀರಿಸಿದವರಿಲ್ಲ. ಮಾತಾಡುವುದರಲ್ಲಿ ಯಾರು ಬೇಕಾದರೂ ಮೀರಿಸಬಹುದಿತ್ತು.

ಈ ಫಜೀತಿಯನ್ನು ತಂದುಕೊಂಡವರು ಬೀದಿಯವರೇ. ಮೆಟ್ಟೂರಿನಲ್ಲಿ ಅಣೆಕಟ್ಟು ಏಳತೊಡಗಿದ ಮೇಲೆ ಊರಿಗೆ ಬಸ್ಸು ಬಂತು, ಸಿಮೆಂಟಿನ ಗಾಡಿಗಳು ಬಂದವು. ಪೇಟೆಯ ಚೌಕದಲ್ಲಿ ಕಾಲಿಡಲು ಜಾಗವಿಲ್ಲದಾಯಿತು. ಪೇಟೆಯನ್ನು ಚೆಂದ ಮಾಡಬೇಕೆಂದು ಪಂಚಾಯತಿ ಬೋರ್ಡಿಗೆ ಅನ್ನಿಸಿತು. ಬೋರ್ಡಿನ ಮೆಂಬರಾಗಿದ್ದ ರಾಮಚಂದ್ರಪ್ಪನೇ ಬೀದಿಗೆ ಬಂದು ಕೇಳಿದ್ದ: “ಏನೇನ್ ಬೇಕು ಏಳ್ರಪ್ಪಾ, ನಿಮ್ಮ ಅಭಿಪ್ರಾಯ ಬೇಕಂತೆ.” ಅವನೂ ಇದೇ ಬೀದಿಯಲ್ಲಿ ಹುಟ್ಟಿದವನು, ನೂಲಿನ ಅಂಗಡಿ ಕೈಹಿಡಿದ ಮೇಲೆ ಪೇಟೆಯಲ್ಲಿ ಮಾಳಿಗೆ ಮನೆ ಕಟ್ಟಿಸಿ ಹೋಗಿದ್ದ. ತಮ್ಮ ಅಭಿಪ್ರಾಯ ಬೇಕೆಂದು ಕೇಳಿದವರು ಅದುವರೆಗೆ ಯಾರೂ ಇರಲಿಲ್ಲವಾದ್ದರಿಂದ ಬೀದಿಗೆ ಬೀದಿಯೇ ಹಿಗ್ಗಿತು. ಒಬ್ಬರು ಲಾಂದ್ರದ ಕಂಬ ಕೇಳಿದರು, ಒಬ್ಬರು ಚರಂಡಿ ಕೇಳಿದರು, ನಾರಪ್ಪ ಕಾರಂಜಿ ಕೇಳಿದ, ಸೇಲಂನಲ್ಲಿ ಕಂಡಿದ್ದನಂತೆ. ನಸುಕಿನ ಬೀದಿ ನಮಗಿರಲಿ ಎಂದು ಮಾತ್ರ ಒಬ್ಬರೂ ಹೇಳಲಿಲ್ಲ. ಅದನ್ನೂ ಕೇಳಬೇಕಾದೀತೆಂದು ಯಾರಿಗೂ ಹೊಳೆಯಲಿಲ್ಲ.

ಚೌಕಕ್ಕೆ ಬೇಲಿ ಬಂತು, ಬಣ್ಣದೆಲೆಯ ಗಿಡ ಬಂತು, ನೀರಿಲ್ಲದ ಕಾರಂಜಿ ಬಂತು. ಗಾಡಿ ನಿಲ್ಲಿಸಬಾರದೆಂದು ತಮಿಳಿನಲ್ಲಿ ಬರೆದ ಹಲಗೆಯೂ ಬಂತು. ಗಾಡಿಯವರು ಸುತ್ತ ನೋಡಿದರು. ಹತ್ತಿರದಲ್ಲೇ ನೇರವಾದ, ಅಗಲವಾದ, ದಿನವೂ ಗುಡಿಸಿದ ಬೀದಿಯೊಂದಿತ್ತು.

ಭಾನುವಾರ ಚಾವಡಿಯಲ್ಲಿ ಮತ್ತೆ ಅಭಿಪ್ರಾಯ ಕೇಳುವ ಸಭೆ ಸೇರಿತು. ಕಾರಂಜಿಯ ಉದ್ಘಾಟನೆಗೆ ಕಲೆಕ್ಟರ್ ದೊರೆಯನ್ನು ಕರೆಯುವ ಮುಂಚೆ ಊರಿನ ಗೊಣಗಾಟ ಮುಗಿಸಬೇಕಿತ್ತು. ಚಿಕ್ಕಮುನಿಯಪ್ಪ ಹೋಗಿ ಕಂಬ ಹುಡುಕಿ ಕೂತ.

ಮೊದಲು ಎದ್ದವನು ಚೌಕದ ಬೇಳೆ ಅಂಗಡಿಯ ಅರುಣಾಚಲಂ. “ಮುಂಚೆ ನನ್ ಅಂಗಡಿ ಮುಂದೆ ಗಾಡಿ ನಿಲ್ತಿತ್ತು, ಮೂಟೆ ಇಳೀತಿತ್ತು. ಈಗ ಗಿಡ ನಿಂತೈತೆ. ಗಿಡ ಬಂದು ಬೇಳೆ ತಗೊಂತದಾ?”

“ಗಾಡಿ ಅಲ್ಲಿಗೆ ವಾಪಸ್ ಓದ್ರೆ ನಾನ್ ಏನ್ ಮಾಡ್ಲಿ?” ಎಂದಳು ಇಡ್ಲಿ ಮಾರುವ ರಾಜಾತಿ. ಬಸ್ಸಿನ ಹಿಂದೆಯೇ ಅವಳ ಒಲೆಯೂ ನೇಕಾರರ ಬೀದಿಗೆ ಬಂದಿತ್ತು. “ನಾರಪ್ಪಣ್ಣನ ಜಗಲಿ ಪಕ್ಕ ಈಗಷ್ಟೇ ಯಾವಾರ ಕುದುರೈತೆ. ಆ ಒಣ ಕಾರಂಜಿಗೆ ಇಡ್ಲಿ ಆಕ್ಲಾ?”

ಬಸ್ಸಿನ ಡ್ರೈವರ್ ಕುಪ್ಪುಸ್ವಾಮಿ ಬಾಗಿಲಲ್ಲೇ ನಿಂತು ಕೈ ಮುಗಿದ. “ನಾನ್ ಎನ್ನ ಪಣ್ಣುವೇನ್, ಏನ್ ಮಾಡ್ಲಿ, ಅಣ್ಣೇ? ಚೌಕದಾಗೆ ನಿಲ್ಸಿದ್ರೆ ಬೋರ್ಡಿನ ಪ್ಯೂನು ಬರ್ತಾನೆ. ರೋಡಾಗೆ ನಿಲ್ಸಿದ್ರೆ ಪೊಲೀಸು ಬರ್ತಾನೆ. ಬಸ್ಸನ್ನ ತಲೆದಿಂಬು ಮಾಡ್ಕೊಂಡು ಮಲಗ್ಲಾ?”

ಚಾವಡಿ ನಕ್ಕಿತು. ಆ ನಗು ಇಳಿಯುವ ಮೊದಲೇ ಚಿಕ್ಕಮುನಿಯಪ್ಪ ಎದ್ದು ನಿಂತಿದ್ದ. ಎದ್ದದ್ದು ಅವನಿಗೇ ತಡವಾಗಿ ತಿಳಿಯಿತು.

“ನಂಗೆ ಲಾಂದ್ರ ಬೇಡ, ಕಾರಂಜಿ ಬೇಡ. ನಸುಕಿಗೆ ಬೀದಿ ಬಿಟ್ಕೊಡಿ, ಸಾಕು. ಬಿಸಿಲು ಬಂದ್ಮ್ಯಾಕೆ ಆನೇನೇ ತಂದ್ ಕಟ್ಕೊಳಿ.”

“ಬೀದಿ ಇರೋದು ಓಡಾಡಾಕೆ, ನಿನ್ನ ಗಂಜಿ ಒಣಗ್ಸಾಕಲ್ಲ,” ಎಂದಿತು ಹಿಂದಿನಿಂದ ಒಂದು ದನಿ.

ರಾಮಚಂದ್ರಪ್ಪ ಮೇಜಿನ ಹಿಂದಿನಿಂದ ಕನ್ನಡಕದ ಮೇಲೆ ನೋಡಿದ. “ಲೇ ಚಿಕ್ಕಾ, ಅವತ್ತು ಬಂದ್ ಕೇಳಿದ್ನಲ್ಲಾ? ಆಗೇನು ಬಾಯ್ನಾಗೆ ನೂಲು ತುರ್ಕಂಡಿದ್ದಾ?”

ಮತ್ತೆ ನಗು. ಚಿಕ್ಕಮುನಿಯಪ್ಪ ಕೂರಲಿಲ್ಲ.

“ಇರೋದನ್ನ ಯಾರಾದ್ರೂ ಕೇಳ್ತಾರಾ, ಅಣ್ಣಾ? ನಂಗೆ ಉಸ್ರು ಬೇಕು ಅಂತ ಸಭೇಲಿ ಯಾರಾದ್ರೂ ಕೈ ಎತ್ತತಾರಾ? ನೀನು ಈ ಬೀದೀಲಿ ಕುಂಚ ಇಡ್ದೋನು. ನಿಂಗೂ ನಾನ್ ಏಳ್ಬೇಕಾ?”

ಬೋರ್ಡಿನ ಇತರರ ಮುಂದೆ ತನ್ನ ಕುಂಚದ ಮಾತು ಬಂದದ್ದು ರಾಮಚಂದ್ರಪ್ಪನಿಗೆ ಹಿಡಿಸಲಿಲ್ಲ. ಶಲ್ಯ ಸರಿಮಾಡಿಕೊಂಡು ಬೇಗ ಹೇಳಿಬಿಟ್ಟ: “ಆಯ್ತಪ್ಪಾ, ಆಯ್ತು. ಈ ಶುಕ್ರವಾರ ಬೀದಿ ಕಾಲಿ ಇರ್ತದೆ. ನನ್ ಮಾತು. ಕೂತ್ಕೊ.”

ಮನೆಗೆ ಬಂದು ಹೇಳಿದಾಗ ಅಂಜಮ್ಮ ಅಕ್ಕಿ ಆರಿಸುತ್ತಿದ್ದವಳು ತಲೆ ಎತ್ತದೆ, “ಅವನ ಮಾತಿಗೆ ಗಂಜಿ ಆಕಿ ಒಣಗ್ಸು, ಗಟ್ಟಿ ಆಗ್ತದೆ,” ಎಂದಳು. ಆದರೂ ಗುರುವಾರ ಸಂಜೆ ಬೀದಿಯನ್ನು ಗುಡಿಯವರೆಗೂ ಗುಡಿಸಿದಳು.

ಶುಕ್ರವಾರ ಕೋಳಿ ಕೂಗಿದಾಗ ಬಾಗಿಲು ತೆರೆದರೆ ಬಸ್ಸು ಅಲ್ಲೇ ಇತ್ತು. ಗಾಡಿಗಳೂ ಇದ್ದವು.

ಚಿಕ್ಕಮುನಿಯಪ್ಪ ಈ ಸಲ ಯಾರನ್ನೂ ಏನನ್ನೂ ಕೇಳಲಿಲ್ಲ. ನಾರಪ್ಪನ ಬಾಗಿಲು ಬಡಿದ, ಆಚೆಯ ಮನೆಗಳನ್ನು ಬಡಿದ. ಹೆಂಗಸರು ಗಂಡಸರು ಸೇರಿ ಗಾಡಿಗಳನ್ನು ಒಂದೊಂದಾಗಿ ಕೈಯಿಂದಲೇ ಗೋಡೆಗಳಿಗೆ ತಳ್ಳಿದರು. ಮಲಗಿದ್ದ ಗಾಡಿಯವರು ಗಾಡಿಯೊಳಗೇ ಹೊರಳಿ ಮತ್ತೆ ಮಲಗಿದರು. ಬಸ್ಸು ಮಾತ್ರ ಯಾರ ಮಾತೂ ಕೇಳಲಿಲ್ಲ. ನಾರಪ್ಪ ಅದರ ಮೂತಿಗೂ ಬೀದಿಯ ನಡುವಿಗೂ ಕಣ್ಣಳತೆ ಹಾಕಿ, “ಹಾಸು ಬಿಗಿದ್ರೂ ಪಕ್ಕದಾಗೆ ಒಂದು ಮೊಳ ಉಳೀತದೆ ಕಣಣ್ಣಾ. ಆದ್ರೆ ಬಸ್ಸು ಈಚೆಗೆ ಬರಾಕಾಗಲ್ಲ,” ಎಂದ. ಮುಂದೆ ಅವನ ಜಗಲಿ ಬೀದಿಗೆ ಚಾಚಿತ್ತು. ಬಸ್ಸು ಹೊರಡಬೇಕಾದರೆ ಬೀದಿಯ ನಡುವಿಗೆ ಹೊರಳಲೇಬೇಕಿತ್ತು.

“ಬಿಗಿ,” ಎಂದ ಚಿಕ್ಕಮುನಿಯಪ್ಪ.

ಕವೆಗಳು ನಿಂತವು. ಹಾಸು ಅವನ ಹೊಸ್ತಿಲಿನಿಂದ ಗುಡಿಯವರೆಗೆ ಮಂಜಿನ ಹಾಗೆ ಬಿಳಿಯಾಗಿ ಹರಡಿತು. “ಅಮ್ಮಾ ಚೌಡಮ್ಮಾ,” ಎಂದು ಅವನು ಮೊದಲ ಗಂಜಿಯನ್ನು ಬಳಿದ. ಅತ್ತ ನಾರಪ್ಪ, ಇತ್ತ ಅವನು, ನಡುವೆ ಒಂದೇ ಕುಂಚ. ಪದ್ಯ ಓದುವವನು ಸಾಲಿನ ನಡುವೆ ಉಸಿರು ಕಡಿಯಬಾರದು. ಕುಂಚವೂ ಹಾಸಿನ ನಡುವೆ ನಿಲ್ಲಬಾರದು. ಹೋಗುವಾಗ ಒಂದು ಉಸಿರು, ಬರುವಾಗ ಒಂದು ಉಸಿರು. ಎಷ್ಟೋ ದಿನಗಳ ಮೇಲೆ ಅವನ ಭುಜಗಳಿಗೆ ಅವುಗಳ ಕೆಲಸ ನೆನಪಾಯಿತು.

ಪೂರ್ವ ಕೆಂಪೇರುವಾಗ ಕುಪ್ಪುಸ್ವಾಮಿ ಬೇವಿನ ಕಡ್ಡಿ ಕಚ್ಚಿಕೊಂಡು ಬಂದ. ಹಾಸನ್ನು ನೋಡಿದ, ಬಸ್ಸನ್ನು ನೋಡಿದ, ಕಡ್ಡಿ ಉಗಿದ. “ಅಯ್ಯಯ್ಯೋ. ಎಷ್ಟ್ ಒತ್ತು, ಅಣ್ಣೇ?”

“ಆರೋ ತನಕ.”

ಡ್ರೈವರ್ ಬಸ್ಸಿನ ಮೆಟ್ಟಿಲ ಮೇಲೆ ಕೂತು ಬೀಡಿ ತೆಗೆದ. ಕಿಡಿ ಹಾರೀತೆಂದು ಅಂಜಮ್ಮ ಗದರುವಂತೆ ಕಣ್ಣು ಬಿಟ್ಟಳು. ಅವನು ಬೀಡಿಯನ್ನು ಕಿವಿಗೆ ಸಿಕ್ಕಿಸಿಕೊಂಡ. ಸೇಲಂಗೆ ಹೋಗುವವರು ಗಂಟುಮೂಟೆ ಸಮೇತ ಬಂದು ಗುಡಿಯ ಹತ್ತಿರ ನಿಂತರು. ಹಾಸಿನ ಪಕ್ಕದಲ್ಲೇ ನಡೆದು ಬಸ್ಸು ಹತ್ತಿದರು. ಹತ್ತಿದ ಬಸ್ಸು ಹೊರಡದ್ದಕ್ಕೆ ಗೊಣಗತೊಡಗಿದರು. ರಾಜಾತಿ ಒಲೆಯನ್ನು ಇನ್ನೂ ಆಚೆಗೆ ಎಳೆದುಕೊಂಡು, “ಕೂತ್ಕೊಳಿ, ಸಾಮಿ, ಬಿಸಿಬಿಸಿ ಐತೆ,” ಎಂದು ವ್ಯಾಪಾರ ಶುರುಮಾಡಿದಳು.

ಕೊನೆಗೆ ಬಂದವನು ರಾಮಚಂದ್ರಪ್ಪ. ಜರಿಯ ಪೇಟ, ಕೋಟು, ಕಂಕುಳಲ್ಲಿ ಕೊಡೆ. ಸೇಲಂಗೆ ಹೋಗಿ ಕಲೆಕ್ಟರ್ ದೊರೆಯನ್ನು ಕರೆಯಲು ಬೋರ್ಡಿನವರು ಅವನನ್ನೇ ಆರಿಸಿದ್ದರು. ಬಸ್ಸಿನ ಮುಂದಿನ ಸೀಟಿನಲ್ಲಿ ಕೂತ. ಬಸ್ಸು ಹೊರಡದಿದ್ದಾಗ ಹಾಸಿನ ಕಡೆ ನೋಡಿ ಕೆಳಗಿಳಿದ.

“ಏನ್ಲಾ ಇದು, ಚಿಕ್ಕಾ?”

ಚಿಕ್ಕಮುನಿಯಪ್ಪ ಕುಂಚ ನಿಲ್ಲಿಸಲಿಲ್ಲ. ಆ ತುದಿಗೆ ಹೋದ, ತಿರುಗಿ ಬಂದ. ಆಮೇಲೆ, “ಶುಕ್ರವಾರ, ಅಣ್ಣಾ,” ಎಂದ.

“ಗೊತ್ತೈತೆ. ಪ್ಯೂನಿಗೆ ಏಳಿದ್ದೆ, ಅವ್ನು ಮರ್ತವ್ನೆ. ಮುಂದಿನ ವಾರದಿಂದ ನಾನೇ ನಿಂತು ನೋಡ್ಕೊಂತೀನಿ. ಈಗ ಇದನ್ನ ಸ್ವಲ್ಪ ಎತ್ತಿ ಇಡ್ಕೊಳ್ರಿ, ಬಸ್ಸು ದಾಟ್ಲಿ. ದೊರೆ ಬೆಳಿಗ್ಗೇನೇ ಸಿಗೋದು. ತಪ್ಪಿದ್ರೆ ಊರಿನ ಮರ್ಯಾದೆ ಓಯ್ತದೆ.”

“ಹಸಿ ಐತೆ.”

“ಹಸಿ ಇರೋದು ನಂಗೂ ಕಾಣ್ತದೆ ಕಣೋ.”

“ನಮ್ಮಪ್ಪನ ಚಟ್ಟ ಕಟ್ಟಿದ ದಿನ ಇಲ್ಲಿದ್ದಿದ್ದು ನಿಮ್ಮ ಹಾಸು. ಎತ್ತು ಅಂತ ನಾವು ಯಾರೂ ಕೇಳ್ಲಿಲ್ಲ.”

ಬೀದಿ ಕಿವಿಗೊಟ್ಟು ನಿಂತಿತ್ತು. ರಾಮಚಂದ್ರಪ್ಪನ ದನಿ ಏರಿತು. “ಸತ್ತೋನು ಕಾಯ್ತಾನಪ್ಪಾ, ಅವನಿಗೇನು ಕೆಲ್ಸ? ಕಲೆಕ್ಟರ್ ಕಾಯ್ತಾನಾ? ಬೀದಿ ಬೋರ್ಡಿಂದು, ತಿಳ್ಕೊ. ಕುಪ್ಪುಸ್ವಾಮೀ, ಗಾಡಿ ಎಡ್ರಾ, ಒರಡು!”

ಕುಪ್ಪುಸ್ವಾಮಿ ಎದ್ದ. ಕಿವಿಯ ಬೀಡಿಯನ್ನು ಮುಟ್ಟಿ ನೋಡಿಕೊಂಡ. ಮತ್ತೆ ಅಲ್ಲೇ ಕೂತ. “ಪಾವು ಮೇಲೆ, ಹಾಸಿನ ಮೇಲೆ, ನಾನು ಬಸ್ ಬಿಡಲ್ಲ, ಸಾಮಿ. ನಮ್ಮವ್ವಾನೂ ಚರಕ ತಿರುಗಿಸಿದೋಳೇ. ಅವರು ಎತ್ತಲಿ, ಒರಡ್ತೀನಿ.”

ಬಿಸಿಲಿನ ಮೊದಲ ಎಳೆ ಗುಡಿಯ ಗೋಡೆ ಮುಟ್ಟಿತು. ಹಾಸಿನ ಆ ತುದಿ ಆರಿ ಬಿಳುಪಾಗುತ್ತಿತ್ತು. ಬಸ್ಸಿನ ಮೂತಿಯ ಹತ್ತಿರ ಇನ್ನೂ ಒದ್ದೆಯಾಗಿ ಮಿನುಗುತ್ತಿತ್ತು. ರಾಮಚಂದ್ರಪ್ಪ ಹತ್ತಿರ ಬಂದ. ಹಾಸಿನ ಅಂಚಿಗೆ ಬಂದಾಗ ಅವನ ಕಾಲು ತಾನಾಗಿ ಮೆಟ್ಟು ಬಿಟ್ಟಿತು, ಹಳೆಯ ಅಭ್ಯಾಸ. ಬರಿಗಾಲಲ್ಲಿ ನಿಂತು, ಬೇರೆಯವರಿಗೆ ಕೇಳದಷ್ಟು ತಗ್ಗಿದ ದನಿಯಲ್ಲಿ ಹೇಳಿದ:

“ಚಿಕ್ಕಾ, ಜನ ನೋಡ್ತಾವ್ರೆ. ನಾನು ಹುಕುಂ ಮಾಡ್ತಿಲ್ಲ, ಕೇಳ್ತಾ ಇದೀನಿ. ಇದೊಂದು ಕಿತ ಎತ್ತು. ಈ ಹಾಸು ಕೆಟ್ರೆ ಬೇರೆ ನೂಲು ನನ್ ಅಂಗಡಿಯಿಂದ ಕೊಡ್ತೀನಿ.”

ಚಿಕ್ಕಮುನಿಯಪ್ಪ ಅವನ ಬರಿಗಾಲನ್ನು ನೋಡಿದ. ಆಮೇಲೆ ಮುಖವನ್ನು ನೋಡಿದ. ಕುಂಚವನ್ನು ಗಂಜಿಗೆ ಅದ್ದಿದ.

“ಎತ್ತಲ್ಲ,” ಎಂದ.